ಫಸ್ಟ್ ಸೆಮ್ ಲ್ಯಾಬಲ್ಲಿ ಮೈಕು, ಫೋಟೋ ಇಟ್ಟು ಲೂಪ್ ಕಲಿಸಿದ್ದು (ನನ್ನ ಅನುಭವ)

ಬಿಸಿಎ ಫಸ್ಟ್ ಸೆಮ್ ಲ್ಯಾಬ್ ಹನ್ನೊಂದು ವರ್ಷದಿಂದ ತಗೋತಿದೀನಿ. ಪ್ರೈಮ್ ನಂಬರ್, ಫಿಬೊನಾಚಿ, ರೆಕಾರ್ಡ್ ಬುಕ್ಕು, ಅಷ್ಟೇ. ಹುಡುಗ್ರು ಪ್ರೋಗ್ರಾಮ್ ಬಾಯಿಪಾಠ ಮಾಡ್ಕೊಂಡು ಬರೋರು, ಒಂದು ನಂಬರ್ ಬದಲಾಯಿಸಿದ್ರೆ ಸುಮ್ನೆ ಕೂತ್ಬಿಡೋರು. ಮೂರು ವರ್ಷದ ಹಿಂದೆ ಎಲ್ಲಾನೂ ಅವರದೇ ದನಿ, ಅವರದೇ ಫೋಟೋ ಮೇಲೆ ಮಾಡ್ಸೋಣ ಅಂತ ಹೊರಟೆ. ಅಮೆರಿಕದ ಯೂನಿವರ್ಸಿಟಿ ಜಾರ್ಜಿಯಾ ಟೆಕ್‌ನಲ್ಲಿ ಪ್ರೊಫೆಸರ್ ಮಾರ್ಕ್ ಗುಜ್ಡಿಯಲ್ 2003ರಲ್ಲೇ ಶುರು ಮಾಡಿದ್ದ ದಾರಿ ಇದು. ನಮ್ಮ ಸ್ಟಾಫ್ ರೂಮಲ್ಲಿ ಮಾತ್ರ "ಇದೇನ್ ಸ್ಟುಡಿಯೋನಾ ಸಾರ್, ಸಿಲಬಸ್ ಯಾವಾಗ ಮುಗಿಸ್ತೀರಾ" ಅಂದ್ರು.

ಮೊದಲ ವರ್ಷ ಪೂರ್ತಿ ಫೇಲು. ಆಸೆಪಟ್ಟು ವಿಡಿಯೋ ಎಡಿಟಿಂಗಿಂದ ಶುರು ಮಾಡ್ದೆ, 4 ಜಿಬಿ ರ್ಯಾಮ್ ಸಿಸ್ಟಮ್ಮು, ಪ್ರಿವ್ಯೂ ಒತ್ತಿದ್ರೆ ಹ್ಯಾಂಗು. ಆಡಿಯೋಗೆ ಅಂತ 30 ಹೆಡ್‌ಸೆಟ್ ತಂದೆ, ಏಳೂವರೆ ಸಾವಿರ ಚಿಲ್ಲರೆ, ಅದ್ರಲ್ಲಿ ಅರ್ಧ ನನ್ನ ಜೇಬಿಂದ. ಅರ್ಧ ಸಿಸ್ಟಮಲ್ಲಿ ಮೈಕೇ ಬರ್ಲಿಲ್ಲ, ಅಂಗಡಿಯವನ ಹತ್ರ ಜಗಳಾನೂ ಆಯ್ತು, ಕೊನೆಗೆ ಕ್ಯಾಬಿನೆಟ್ ಬಿಚ್ಚಿ ನೋಡಿದ್ರೆ ಮುಂದಿನ ಜ್ಯಾಕಿನ ವೈರನ್ನ ಮದರ್‌ಬೋರ್ಡಿಗೆ ಸಿಗಿಸೇ ಇರ್ಲಿಲ್ಲ! ಎರಡು ಶನಿವಾರ ಕೂತು ನಾನೇ ಸಿಗಿಸ್ದೆ.

ಈಗ ಮೊದಲ ಲ್ಯಾಬು ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ. ತಮ್ಮ ಹೆಸರು ರೆಕಾರ್ಡ್ ಮಾಡಿ ಸ್ಯಾಂಪ್ಲಿಂಗ್ ರೇಟನ್ನ (ಸೆಕೆಂಡಿಗೆ ಎಷ್ಟು ಸಲ ದನಿ ಅಳೀತೀವಿ ಅನ್ನೋದು) 44,100ರಿಂದ 8,000ಕ್ಕೆ ಇಳಿಸೋದು, ಸ, ಶ ಎಲ್ಲ ಮಂಕಾಗಿ ಫ ಥರ ಕೇಳ್ಸತ್ತೆ, ಸ್ಯಾಂಪ್ಲಿಂಗ್ ರೇಟ್ ಬಗ್ಗೆ ಬೋರ್ಡ್ ಮುಟ್ಟೋದೇ ಬೇಡ. ಆಮೇಲೆ ಪಿಲೋ (ಪೈಥಾನ್ ಭಾಷೇಲಿ ಫೋಟೋ ಕೆಲಸಕ್ಕೆ ಇರೋ ಲೈಬ್ರರಿ) ಹಾಕ್ಕೊಂಡು ತಮ್ಮ ಫೋಟೋನ ಕಪ್ಪುಬಿಳುಪು ಮಾಡೋಕೆ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡ್ಸೋ ಕೋಡ್) ಒಳಗೊಂದು ಲೂಪ್. 4000×3000 ಫೋಟೋ ಹಾಗೇ ಕೊಟ್ರೆ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್, ಟೀ ಕುಡ್ದು ಬಂದ್ರೂ ಮುಗ್ಯಲ್ಲ, 640×480ಕ್ಕೆ ಇಳ್ಸಿ ಕೊಡಿ. ರೇಂಜ್ (ಲೂಪ್ ಎಲ್ಲಿಂದ ಎಲ್ಲೀವರೆಗೆ ಓಡ್ಬೇಕು ಅನ್ನೋದು) ತಪ್ಪು ಕೊಟ್ರೆ ಅರ್ಧ ಮುಖ ಮಾತ್ರ ಬಣ್ಣ ಕಳ್ಕೊಳತ್ತೆ, ತಪ್ಪು ಎಲ್ಲಿ ಅಂತ ನಾನು ಹೇಳ್ಬೇಕಾಗಿಲ್ಲ, ಅವರಿಗೇ ಕಾಣತ್ತೆ. ಇಡೀ ಲ್ಯಾಬಿನ ಜೀವ ಇದೇ.

ಒಂದಿನ ಯಾರೂ ಮಾತಾಡ್ದೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡ್ಸಿ ಸ್ಪೆಕ್ಟ್ರಮ್ (ಯಾವ ಆವರ್ತನದ ಸದ್ದು ಎಷ್ಟಿದೆ ಅನ್ನೋ ಗ್ರಾಫ್) ತೆಗ್ಸಿದ್ವಿ, 50 ಹರ್ಟ್ಸ್ ಹತ್ರ ದೊಡ್ಡ ಗುಡ್ಡ. ಕರೆಂಟಿನ ಗುಂಯ್ ಅನ್ನೋ ಸದ್ದು. ಎಲೆಕ್ಟ್ರಿಷಿಯನ್ ಕರ್ಸಿದ್ರೆ ಆ ಸಾಲಿಗೆ ಅರ್ಥಿಂಗೇ ಸರಿಯಿಲ್ಲ ಅಂದ!

ಕಾಪಿ ಹೊಡ್ಯೋದು ತಡ್ಯೋಕೆ ಫೋಟೋ ಒಳಗೇ ಒಂದು ಗುರುತು ಇಡ್ತೀನಿ, ಹೇಗೆ ಅಂತ ಹೇಳಲ್ಲ, ನಮ್ಮ ಹುಡುಗ್ರೂ ಇದನ್ನ ಓದ್ತಾರೆ.

ಮುಂಚೆ 50 ಜನದಲ್ಲಿ ಇಪ್ಪತ್ತು ಮಂದಿ ಲೂಪ್ ಪ್ರಶ್ನೆ ಮುಟ್ತಾನೇ ಇರ್ಲಿಲ್ಲ, ಈ ಸಲ ಆರೋ ಏಳೋ. ಸ್ಟುಡಿಯೋನಾ ಅಂದವ್ರೇ ಮೊನ್ನೆ ಬಿ ಸೆಕ್ಷನ್‌ಗೆ ನನ್ನ ಲ್ಯಾಬ್ ಶೀಟ್ ಇಸ್ಕೊಂಡು ಹೋದ್ರು. ಹತ್ತು ಸಿಸ್ಟಮ್‌ಗೆ ಸೆಕೆಂಡ್ ಹ್ಯಾಂಡ್ ರ್ಯಾಮ್ ಕೇಳಿದೀನಿ, ಬಂದ್ರೆ ವಿಡಿಯೋಗೆ ಮತ್ತೆ ಕೈ ಹಾಕ್ತೀನಿ.