ಪೋಲಿ ಗೊಂಬೆ ಕಾಮಿಡಿ ಮಾಡೋದು ಹೇಗೆ: ಮೊದ್ಲು ಕಣ್ಣು ಬಾಯಿ, ಆಮೇಲೆ ಬೈಗುಳ

ತುಮಕೂರು ಕಡೆ ಹುಡುಗ್ರು ದೊಡ್ಡೋರಿಗೆ ಅಂತಲೇ ಒಂದು ಪೋಲಿ ಗೊಂಬೆ ಕಾಮಿಡಿ ಮಾಡೋಣ ಅಂತ ಹೊರಟಾಗ ಎಲ್ರ ಕೈಲೂ ಮೊದ್ಲು ಇರೋದು ಜೋಕು, ಗೊಂಬೆ ಹೇಗೋ ಆಗತ್ತೆ ಬಿಡು ಗುರು, ಸಾಕ್ಸ್‌ಗೆ ಎರಡು ಗುಂಡಿ ಹೊಲಿದ್ರೆ ಮುಗೀತು ಅಂತಾರೆ. ಕೆಡೋದು ಅಲ್ಲೇ. ಹೂಸಿನ ಜೋಕು ಯಾರು ಹೇಳಿದ್ರೂ ಅದೇ ಜೋಕು, ಆದ್ರೆ ಅದನ್ನ ಗೊಂಬೆ ಮಾಡಿದಾಗ ಹೊಟ್ಟೆ ಹಿಡ್ಕೊಂಡು ನಗ್ತೀವಲ್ಲ, ಅದು ಯಾಕಂದ್ರೆ ಆ ಗೊಂಬೆ ಅಲ್ಲೀವರೆಗೂ ಮರ್ಯಾದಸ್ಥರ ಹಾಗೆ ಕೂತಿತ್ತು, ಉಸಿರಾಡ್ತಿತ್ತು, ನಮ್ಮ ಕಡೆ ನೋಡ್ತಿತ್ತು, ಅದಕ್ಕೂ ಒಂದು ಮಾನ ಇದೆ ಅಂತ ನಾವು ನಂಬಿಬಿಟ್ಟಿದ್ವಿ, ಈಗ ಆ ಮಾನ ಹೋಯ್ತು. ಸಾಕ್ಸ್‌ಗೆ ಮಾನಾನೇ ಇಲ್ಲ, ಹೋಗೋಕೆ ಏನಿದೆ? ಅದಕ್ಕೇ ಇಲ್ಲಿ ಜೋಕಿಗಿಂತ ಕೈಕೆಲ್ಸದ ಮಾತೇ ಜಾಸ್ತಿ ಇರತ್ತೆ, ತಾಳ್ಮೆಯಿಂದ ಓದಿ.

ಮತ್ತೆ ಇದನ್ನ ಹೊರಗಿನವರ ಚಾಳಿ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ. ತೊಗಲು ಗೊಂಬೆ ಆಟದಲ್ಲಿ ರಾಮಾಯಣ ನಡೀತಿರೋವಾಗ ಮಧ್ಯದಲ್ಲಿ ಕಿಳ್ಳೇಕ್ಯಾತ ಬರ್ತಾನೆ, ಹಿಂದೇನೇ ಅವನ ಹೆಂಡ್ತಿ ಬಂಗಾರಕ್ಕ, ಇಬ್ರೂ ಜಗಳಕ್ಕೆ ಬಿದ್ದು ಆಡಬಾರದ್ದೆಲ್ಲ ಆಡಿ ಹೋಗ್ತಾರೆ. ನಮ್ಮ ಮೂಡಲಪಾಯ ಯಕ್ಷಗಾನದ ಕೋಡಂಗಿ ಭಾಗವತರ ಎದುರಿಗೆ ನಿಂತು ತಲೆಹರಟೆ ಮಾಡೋದೂ ಅದೇ ಜಾತಿ. ದೇವರು ರಾಜರ ದೊಡ್ಡ ತೊಗಲು ಚಿತ್ರ ಎಷ್ಟೋ ಸಲ ಒಂದೇ ತುಂಡಾಗಿ ಅಲ್ಲಾಡದೆ ನಿಂತಿರತ್ತೆ, ಕ್ಯಾತನಿಗೆ ಮಾತ್ರ ಕೈಕಾಲಿಗೆಲ್ಲ ಕೀಲು. ನಗಿಸೋ ಗೊಂಬೆಗೇ ಹೆಚ್ಚು ಕೆಲ್ಸ ಹಾಕ್ಬೇಕು ಅಂತ ಅವ್ರಿಗೆ ಮೊದ್ಲೇ ಗೊತ್ತಿತ್ತು.

ಟಿವಿಲೂ ಇದೇ ಕಥೆ. ಇಂಗ್ಲೆಂಡಿನ ಸ್ಪಿಟಿಂಗ್ ಇಮೇಜ್ ಅನ್ನೋ ಗೊಂಬೆ ಶೋ 1984ರಿಂದ 1996ರ ತನಕ ಐಟಿವಿ ಚಾನೆಲ್‌ನಲ್ಲಿ ಬಂತು, ಪ್ರಧಾನಿ, ರಾಣಿ ಯಾರನ್ನೂ ಬಿಡಲಿಲ್ಲ, ಅಷ್ಟು ಒರಟು. ಆದ್ರೆ ಅದರ ತಲೆಗಳನ್ನ ಮಾಡ್ತಿದ್ದ ಪೀಟರ್ ಫ್ಲಕ್, ರೋಜರ್ ಲಾ ಅದಕ್ಕೂ ಮುಂಚೆ ಪತ್ರಿಕೆಗಳಿಗೆ ಜೇಡಿಮಣ್ಣಲ್ಲಿ ವ್ಯಂಗ್ಯಮುಖ ಮಾಡಿ ಫೋಟೋ ತೆಗೆಸಿ ಕೊಡ್ತಿದ್ದೋರು, ಪ್ರತಿ ಮುಖಾನೂ ಮಣ್ಣಲ್ಲಿ ತೀಡಿ ಅಚ್ಚು ತೆಗೆದು ಲೇಟೆಕ್ಸ್ ಫೋಮ್ ಹುಯ್ದಿದ್ದು. ಅಲ್ಲಿ ಗೊಂಬೆ ಆಡಿಸಿದೋರಲ್ಲಿ ಲೂಯಿಸ್ ಗೋಲ್ಡ್ ಅನ್ನೋರು ಮಪೆಟ್ ಶೋ ಅನ್ನೋ ಗೊಂಬೆ ಕಾರ್ಯಕ್ರಮದಲ್ಲೂ ಆಡಿಸಿದೋರು, ಅಂದ್ರೆ ಮಕ್ಕಳನ್ನ ನಗಿಸಿದ ಕೈಯೇ ಈ ಪೋಲಿ ಕೆಲ್ಸಾನೂ ಮಾಡಿತ್ತು. ಉಲ್ಟಾ ಉದಾಹರಣೆನೂ ಇದೆ. 1975ರಲ್ಲಿ ಅಮೆರಿಕದ ಸ್ಯಾಟರ್ಡೇ ನೈಟ್ ಲೈವ್ ಅನ್ನೋ ಕಾಮಿಡಿ ಶೋನ ಮೊದಲನೇ ಸೀಸನ್‌ನಲ್ಲಿ, ಮಪೆಟ್ ಗೊಂಬೆಗಳನ್ನ ಹುಟ್ಟುಹಾಕಿದ ಜಿಮ್ ಹೆನ್ಸನ್ ಅವರ ತಂಡ ದೊಡ್ಡೋರಿಗೆ ಅಂತ ಗೊಂಬೆಗಳ ಸ್ಕಿಟ್ ಮಾಡ್ತು, ಗೊಂಬೆ ಅದ್ಭುತ, ಆದ್ರೆ ಮಾತು ಬರೀತಿದ್ದೋರು ಆ ಶೋನ ಬರಹಗಾರರು, ಅವ್ರಿಗೆ ಗೊಂಬೆ ಮೇಲೆ ಪ್ರೀತಿನೇ ಇರಲಿಲ್ಲ, ಕೂಡಿ ಬರಲಿಲ್ಲ. ಹಾಗಾಗಿ ನನ್ನ ಮೊದಲನೇ ಮಾತು ಇದು, ನಿಮ್ಮ ಟೀಮಲ್ಲಿ ಬರೆಯೋನು ಯಾರೇ ಇರಲಿ, ಬರೆಯೋಕೆ ಮುಂಚೆ ಅವನ ಕೈಗೆ ಗೊಂಬೆ ಹಾಕ್ಸಿ, ಕನ್ನಡಿ ಮುಂದೆ ಒಂದು ಗಂಟೆ ಕೂರ್ಸಿ.

ಈಗ ಸಾಮಾನು. ಬೆಂಗಳೂರಿಗೆ ಓಡೋದು ಬೇಡ. ಆಟೋ ಸೀಟು, ಸೋಫಾ ಹೊಲಿಯೋ ಕುಶನ್ ಅಂಗಡಿ ತುಮಕೂರು, ಕೋಲಾರ, ಚಿಂತಾಮಣಿ ಎಲ್ಲಾ ಕಡೆ ಇದೆ, ಅಲ್ಲಿ ಅರ್ಧ ಇಂಚಿನ ಫೋಮ್ ಶೀಟು ಕೇಳಿ, ಕಟ್ ಮಾಡಿ ಉಳಿದ ತುಂಡು ಇದ್ರೆ ಕಮ್ಮಿಗೆ ಕೊಡ್ತಾರೆ, ಬಾಯೊಳಗೆ ಹಾಕೋಕೆ ಕೆಂಪು ರೆಕ್ಸಿನ್ ಚೂರೂ ಅಲ್ಲೇ ಸಿಗತ್ತೆ. ಚರ್ಮಕ್ಕೆ ಚಳಿಗಾಲದಲ್ಲಿ ರೋಡ್ ಸೈಡಲ್ಲಿ ಮಾರೋ ಫ್ಲೀಸ್ ಬ್ಲಾಂಕೆಟ್ ಸಾಕು, ಯಾವ ಕಡೆ ಎಳೆದ್ರೆ ಜಾಸ್ತಿ ಹಿಗ್ಗತ್ತೆ ನೋಡಿ ಆ ಕಡೆನ ಮುಖದ ಅಡ್ಡಕ್ಕೆ ಇಡಿ. ಅಜ್ಜಿ ಪಾತ್ರ ಇದ್ರೆ ಕೂದಲಿಗೆ ಶಿಡ್ಲಘಟ್ಟ ಕಡೆ ಗೂಡಿಂದ ನೂಲು ತೆಗೆಯೋ ರೀಲಿಂಗ್‌ನೋರ ಹತ್ರ ರೇಷ್ಮೆ ವೇಸ್ಟು ಕೇಳಿ, ಬಿಳಿ ಗೂಡಿನದ್ದೇ ಕೇಳಿ, ಕ್ಯಾಮೆರಾ ಮುಂದೆ ನಿಜವಾದ ನರೆಗೂದಲೇ. ಕೈ ಆಡ್ಸೋಕೆ ಹಳೇ ಕೊಡೆ ಕಡ್ಡಿ, ಹೊಳೀದ ಹಾಗೆ ಮಂದ ಕಪ್ಪು ಬಣ್ಣ ಬಳೀರಿ.

ಫೋಮ್‌ನ ಕತ್ತರೀಲಿ ಕಟ್ ಮಾಡಿದ್ರೆ ಅಂಚು ಜಜ್ಜಿ ಹೋಗತ್ತೆ, ಹೊಸ ಬ್ಲೇಡು ಹಾಕಿದ ಕಟರ್‌ನಲ್ಲಿ ಒಂದೇ ಎಳೆತಕ್ಕೆ ಎಳೀರಿ. ಅಂಟಿಗೆ ಚಪ್ಪಲಿ, ಸನ್‌ಮೈಕಾಗೆ ಹಾಕೋ ಫೆವಿಕಾಲ್ ಎಸ್‌ಆರ್ ತರದ್ದು ತಗೊಳ್ಳಿ, ಎರಡೂ ಅಂಚಿಗೆ ತೆಳ್ಳಗೆ ಸವರಿ, ಬೆರಳು ಇಟ್ರೆ ಅಂಟೂ ಅಂಟದ ಹಾಗೆ ಆಗೋವರೆಗೂ ಕಾದು ಆಮೇಲೆ ಒತ್ತಿ, ಒಂದ್ಸಲ ಕೂತ್ರೆ ಬಿಡ್ಸೋಕಾಗಲ್ಲ. ತಾರಸಿ ಮೇಲೆ ಗಾಳೀಲಿ ಮಾಡಿ, ರೂಮಲ್ಲಿ ಬಾಗ್ಲು ಹಾಕ್ಕೊಂಡು ಮಾಡಿದ್ರೆ ತಲೆ ಸುತ್ತತ್ತೆ.

ಬಾಯಿ ಹಲಗೆ ಬಗ್ಗೆ ಅವಸರ ಮಾಡ್ಲೇಬೇಡಿ. ಗಟ್ಟಿ ರಟ್ಟಿನಲ್ಲಿ ಮೇಲ್ದವಡೆ ಕೆಳದವಡೆ ಎರಡು ಅರ್ಧ ಕತ್ತರಿಸಿ, ಮೇಲೆ ರೆಕ್ಸಿನ್ ಒಂದೇ ತುಂಡಾಗಿ ಅಂಟಿಸಿದ್ರೆ ಅದೇ ಕೀಲು. ಒಳಗಡೆ ನಾಲ್ಕು ಬೆರಳಿಗೆ ಮೇಲೆ ಒಂದು ಪಟ್ಟಿ, ಹೆಬ್ಬೆರಳಿಗೆ ಕೆಳಗೆ ಒಂದು ಜೇಬು, ಆಡಿಸೋನ ಕೈ ಅಳತೆಗೇ ಹೊಲೀರಿ, ಬಿಗಿಯಾಗಿರ್ಬೇಕು. ಒಳಗೆ ಬೆರಳು ಜಾರಿದ್ರೆ ಮಾತಿಗೂ ಬಾಯಿಗೂ ಹೊಂದಲ್ಲ, ಬೈಗುಳ ಅಂತೂ ಸತ್ತೇ ಹೋಗತ್ತೆ.

ಕಣ್ಣಿಗೆ ಟಿಟಿ ಬಾಲ್ ಅರ್ಧ ಮಾಡಿದ್ರೆ ಸಾಕು. ಪಾಪೆ ಮಾತ್ರ ಕೂಡ್ಲೇ ಅಂಟಿಸ್ಬೇಡಿ, ಡಬಲ್ ಟೇಪಲ್ಲಿ ಕೂರ್ಸಿ, ಫೋನ್ ಕ್ಯಾಮೆರಾದಲ್ಲಿ ನೋಡ್ತಾ ಒಂದೊಂದು ಮಿಲಿಮೀಟರ್ ಸರ್ಸಿ. ನೇರ ಮಧ್ಯದಲ್ಲಿಟ್ರೆ ಗೊಂಬೆ ಎಲ್ಲೋ ದೂರ ಗೋಡೆ ನೋಡ್ತಿರತ್ತೆ, ಚೂರೇ ಚೂರು ಮೂಗಿನ ಕಡೆ ತಂದ ತಕ್ಷಣ ನಿಮ್ಮನ್ನೇ ನೋಡತ್ತೆ, ಆ ಕ್ಷಣ ಮೈ ಜುಂ ಅನ್ನತ್ತೆ ನಿಜವಾಗ್ಲೂ. ಹೆನ್ಸನ್ ಜೊತೆ ಗೊಂಬೆ ಕಟ್ತಿದ್ದ ಡಾನ್ ಸಾಹ್ಲಿನ್ ಎರಡು ಕಣ್ಣು, ಮೂಗು ಸೇರಿ ಆಗೋ ತ್ರಿಕೋನದ ಮೇಲೇ ಇಡೀ ಮುಖ ನಿಲ್ಲಿಸ್ತಿದ್ರು. ಇನ್ನೊಂದು, ಮುಖಕ್ಕೆ ನಗು ಹೊಲೀಬೇಡಿ. ಹಲ್ಲು ಕಿರಿದ ಗೊಂಬೆ ಪೋಲಿ ಮಾತಾಡಿದ್ರೆ ಅದಕ್ಕೆ ಮೊದ್ಲೇ ಗೊತ್ತಿತ್ತು ಅಂತ ಆಗೋಗತ್ತೆ. ಅರ್ಧ ಮುಚ್ಚಿದ ರೆಪ್ಪೆ, ನೆಟ್ಟಗಿನ ಬಾಯಿ, ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂತೋರ ಮುಖ, ಅಷ್ಟೇ ಸಾಕು.

ಆಡಿಸೋದಕ್ಕೆ ಬಂದ್ರೆ, ಕೆಳಗೆ ಕೂತೋನು ಗೊಂಬೆ ಕಡೆ ನೋಡಲೇಬಾರದು, ಸ್ಕ್ರೀನ್ ನೋಡ್ಬೇಕು. ಹೆನ್ಸನ್ 1955ರ ಸ್ಯಾಮ್ ಅಂಡ್ ಫ್ರೆಂಡ್ಸ್ ಅನ್ನೋ ತನ್ನ ಟಿವಿ ಶೋ ಕಾಲದಿಂದ್ಲೇ ಗೊಂಬೆ ಮುಂದೆ ಇಡ್ತಿದ್ದ ಪುಟ್ಟ ರಂಗಮಂಚ ತೆಗೆದು ಟಿವಿ ಚೌಕಟ್ಟನ್ನೇ ರಂಗಮಂಚ ಮಾಡ್ಕೊಂಡ, ಮಾನಿಟರ್ ನೋಡ್ಕೊಂಡೇ ಆಡಿಸಿದ. ನೀವು ಫೋನಿನ ಹಿಂದಿನ ಕ್ಯಾಮೆರಾ ಆನ್ ಮಾಡಿ ಮನೆ ಟಿವಿಗೋ ಲ್ಯಾಪ್‌ಟಾಪ್‌ಗೋ ಕನೆಕ್ಟ್ ಮಾಡಿ ಕಾಲ ಹತ್ರ ಇಟ್ಕೊಳ್ಳಿ. ಸೆಲ್ಫಿ ಕ್ಯಾಮೆರಾ ಎಡ ಬಲ ತಿರುಗಿಸಿ ತೋರ್ಸತ್ತೆ, ಅದರಲ್ಲಿ ಅಭ್ಯಾಸ ಮಾಡಿದ್ರೆ ಆಮೇಲೆ ಕೈ ಕೇಳಲ್ಲ. ತೋಳು ಮೇಲೆತ್ತಿದಾಗ ಗೊಂಬೆ ತಾನಾಗೇ ಸೀಲಿಂಗ್ ನೋಡತ್ತೆ, ಅದಕ್ಕೆ ಮಣಿಕಟ್ಟನ್ನ ಯಾವಾಗ್ಲೂ ಸ್ವಲ್ಪ ಮುಂದಕ್ಕೆ ಬಗ್ಸಿರಿ. ತೋಳು ಬೇಗ ಸೋಲತ್ತೆ, ಸಣ್ಣ ಸಣ್ಣ ಶಾಟ್ ತೆಗೀರಿ.

ಬಾಯಿ ತೆಗೆಯೋವಾಗ ಹೆಬ್ಬೆರಳು ಕೆಳಗೆ ಬೀಳ್ಬೇಕು, ಮೇಲಿನ ನಾಲ್ಕು ಬೆರಳು ಏಳಬಾರದು, ಎದ್ರೆ ತಲೆ ಪ್ರತಿ ಮಾತಿಗೂ ಹಿಂದಕ್ಕೆ ಹಾರತ್ತೆ. ಕನ್ನಡದಲ್ಲಿ ಒಂದು ಕಷ್ಟ ಇದೆ, ನಮ್ಮ ಮಾತು ಮುಗಿಯೋದು ಹೆಚ್ಚಾಗಿ ಸ್ವರದಲ್ಲಿ, ಹಾಗಾಗಿ ಗೊಂಬೆ ಬಾಯಿ ಕೊನೇಲಿ ತೆರೆದೇ ಉಳ್ಕೊಳತ್ತೆ, ಪೆದ್ದನ ತರ ಕಾಣತ್ತೆ, ಮಾತು ನಿಂತ ತಕ್ಷಣ ಮುಚ್ಚೋದನ್ನ ಕೈಗೆ ರೂಢಿ ಮಾಡಿ. ಎಲ್ಲಾ ಅಕ್ಷರಕ್ಕೂ ತೆಗೀಬೇಡಿ, ಒತ್ತು ಬೀಳೋ ಕಡೆ ಮಾತ್ರ ದೊಡ್ಡದಾಗಿ ತೆಗೀರಿ. ಪ, ಬ, ಮ ಬಂದಾಗ ತುಟಿ ಪೂರ್ತಿ ಮುಚ್ಚಲೇಬೇಕು, ನೋಡೋರು ಬೇರೆ ಯಾವ ತಪ್ಪನ್ನ ಕ್ಷಮಿಸಿದ್ರೂ ಇದನ್ನ ಕ್ಷಮಿಸಲ್ಲ. ಬಿಕನಾಸಿ, ಬೇವರ್ಸಿ, ಪುಕ್ಲ, ಇವೆಲ್ಲ ಮುಚ್ಚಿದ ತುಟಿಯಿಂದ ಶುರುವಾಗೋ ಬೈಗುಳ, ಗೊಂಬೆ ಬಾಯಿಗೆ ಹೇಳಿ ಮಾಡ್ಸಿದ್ದು, ಒಂದು ಕ್ಷಣ ತುಟಿ ಬಿಗಿ ಹಿಡ್ಸಿ ಆಮೇಲೆ ಪಟ್ ಅಂತ ಬಿಡ್ಸಿ, ಅಕ್ಷರ ಕಿವಿಗೆ ಬೀಳೋಕೆ ಮುಂಚೆನೇ ನಗು ಶುರುವಾಗತ್ತೆ. ಹೊಸಬರು ಮೊದ್ಲು ಧ್ವನಿ ರೆಕಾರ್ಡ್ ಮಾಡ್ಕೊಂಡು ಅದಕ್ಕೆ ಆಡ್ಸಿ. 2002ರಲ್ಲಿ ಶುರುವಾದ ಅಮೆರಿಕದ ಕ್ರ್ಯಾಂಕ್ ಯಾಂಕರ್ಸ್ ಅನ್ನೋ ಗೊಂಬೆ ಶೋನಲ್ಲಿ ಹೀಗೇ, ತರಲೆ ಫೋನ್ ಕಾಲ್ ಮೊದ್ಲು ರೆಕಾರ್ಡ್ ಆಗ್ತಿತ್ತು, ಗೊಂಬೆ ಆಮೇಲೆ.

ಹೂಸಿನ ಸೀನ್ ತಗೊಳ್ಳಿ. ಸದ್ದು ನಗಿಸಲ್ಲ. ಹುಣಸೆಹಣ್ಣಿನ ಮಂಡಿ ಯಜಮಾನ್ರು ಗಂಭೀರವಾಗಿ ರೇಟು ಹೇಳ್ತಿದ್ದಾರೆ, ಮಾತು ಅರ್ಧಕ್ಕೆ ನಿಲ್ಲತ್ತೆ, ಸದ್ದು ಬರತ್ತೆ, ಅವ್ರು ಅಲ್ಲಾಡಲ್ಲ, ಪಕ್ಕದ ಅಜ್ಜಿ ನಿಧಾನಕ್ಕೆ ತಲೆ ತಿರುಗ್ಸಿ ಅವ್ರನ್ನ ನೋಡ್ತಾಳೆ, ಆಮೇಲೆ ಕ್ಯಾಮೆರಾ ನೋಡ್ತಾಳೆ, ಯಜಮಾನ್ರು ನಿಲ್ಲಿಸಿದ ಅಕ್ಷರದಿಂದ್ಲೇ ರೇಟು ಮುಂದುವರೆಸ್ತಾರೆ. ನಗು ಇರೋದೆಲ್ಲ ಅಜ್ಜಿ ಕತ್ತಲ್ಲಿ. ಆ ಕತ್ತು ತಿರುಗೋ ವೇಗ ಸಿಗೋವರೆಗೂ ಟೇಕ್ ಮೇಲೆ ಟೇಕ್ ತಗೊಳ್ಳಿ, ಬೇಜಾರು ಮಾಡ್ಕೋಬೇಡಿ.

ವಾಂತಿಗೆ ಫಿಶ್ ಟ್ಯಾಂಕ್ ಪೈಪು ಬಾಯಿ ಹಿಂದಿಂದ ತೂರ್ಸಿ, ಇನ್ನೊಂದು ತುದಿಗೆ ಒತ್ತೋ ಬಾಟ್ಲಿ. ಒಳಗೆ ರಾಗಿ ಅಂಬಲಿ, ತೆಳ್ಳಗೆ ಮಾಡಿ ಬಟ್ಟೇಲಿ ಸೋಸ್ಲೇಬೇಕು, ಗಂಟು ಇದ್ರೆ ಪೈಪು ಕಟ್ಕೊಳತ್ತೆ. ಅರಿಶಿನ ಹಾಕ್ಬೇಡಿ, ಫ್ಲೀಸ್‌ನಿಂದ ಕಲೆ ಹೋಗಲ್ಲ. ಈ ಶಾಟ್ ದಿನದ ಕೊನೇಲಿ ಇಡಿ, ಮುಗಿದ ಕೂಡ್ಲೇ ತಣ್ಣೀರಲ್ಲಿ ಒರೆಸಿ ನೆರಳಲ್ಲಿ ಒಣಗ್ಸಿ. ಬೀಪ್ ಸೌಂಡ್ ಬೈಗುಳಕ್ಕಿಂತ ಎಷ್ಟೋ ಸಲ ಪೋಲಿ, ಅಜ್ಜಿ ಆಡಿದ ಸಾದಾ ಮಾತಿಗೆ ಬೀಪ್ ಹಾಕಿ ನೋಡಿ.

ಬೈಗುಳ ಯಾರ ಮೇಲೆ ಬೀಳತ್ತೆ ಅನ್ನೋದು ನನಗೆ ತುಂಬಾ ಮುಖ್ಯ. ನಮ್ಮ ಬೈಗುಳ ಸುಮಾರು ವಿಧವೆಯರ ಮೇಲೆ, ಅಮ್ಮನ ಮೇಲೆ, ಜಾತಿ ಮೇಲೆ ಹೋಗತ್ತೆ, ಅಲ್ಲಿಲ್ಲದ ಯಾರೋ ಒಬ್ರ ಮಾನ ಹೋಗತ್ತೆ, ಆಡಿದ ಗೊಂಬೆ ಮಾನ ಹಾಗೇ ಉಳಿಯತ್ತೆ. ಅದನ್ನ ಬಿಟ್ಬಿಡಿ. ದುರಹಂಕಾರದ ಗೊಂಬೆ ತನ್ನ ಹೊಟ್ಟೆ, ತನ್ನ ಆಸೆ, ತನ್ನ ಪಂಚೆ ಕೈಲಿ ತಾನೇ ಮರ್ಯಾದೆ ಕಳ್ಕೋಬೇಕು. ಕೋಲಾರ ಕಡೆಯೋರು ಕನ್ನಡದಲ್ಲಿ ಶುರು ಮಾಡಿ ಸಿಟ್ಟು ಬಂದಾಗ ತೆಲುಗಿಗೆ ಜಾರ್ತಾರಲ್ಲ, ಅದನ್ನ ಪಾತ್ರಕ್ಕೆ ಕೊಡಿ, ಪ್ರೀತಿಯಿಂದ ಕೊಡಿ, ಬೈಗುಳಾನೇ ಬೇಕಾಗಲ್ಲ.

ಹಾಕೋವಾಗ ಹುಷಾರು. ಗೊಂಬೆ ಇದೆ ಅಂತ ಮಕ್ಕಳು ಬಂದು ನೋಡ್ತಾರೆ, ಯೂಟ್ಯೂಬಲ್ಲಿ 18 ವರ್ಷದ ನಿರ್ಬಂಧ ನೀವೇ ಆನ್ ಮಾಡಿ, ಥಂಬ್‌ನೇಲಲ್ಲೇ ದೊಡ್ಡೋರಿಗೆ ಮಾತ್ರ ಅಂತ ಬರೀರಿ. ಅಶ್ಲೀಲ ಅಂತ ತೀರ್ಮಾನ ಆದ್ರೆ ಐಟಿ ಕಾಯ್ದೆ 67ನೇ ಸೆಕ್ಷನ್‌ನಲ್ಲಿ ಮೊದಲನೇ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ, ಗೊಂಬೆ ಬಟ್ಟೆ ಬಿಚ್ಚೋ ಸೀನ್ ಬರೆಯೋಕೆ ಮುಂಚೆ ಇದು ನೆನಪಿರಲಿ.

ಮೊದಲನೇ ವಿಡಿಯೋಗೆ ಎರಡೇ ಗೊಂಬೆ, ಒಂದೇ ಜಾಗ, ಎರಡು ನಿಮಿಷ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟ್ಲು ಟೇಬಲ್ ಆಗಬಹುದು, ಟೇಬಲ್ ಅಂಚೇ ನಿಮ್ಮನ್ನ ಮರೆ ಮಾಡತ್ತೆ. ಒಬ್ರಿಗೆ ಅರ್ಜೆಂಟಾಗಿ ಟಾಯ್ಲೆಟ್‌ಗೆ ಹೋಗ್ಬೇಕು, ಎದುರಿಗೆ ಕೂತಿರೋದು ಮಗಳನ್ನ ನೋಡೋಕೆ ಬಂದ ಬೀಗರು, ಬಾಯ್ಬಿಟ್ಟು ಹೇಳೋ ಹಾಗಿಲ್ಲ. ಒಂದೂ ಪೋಲಿ ಪದ ಇಲ್ದೆ ಬರೀರಿ, ಕಣ್ಣು, ಕತ್ತು, ಬಾಯಲ್ಲೇ ಆಡ್ಸಿ, ಎಡಿಟ್ ಮಾಡಿದ್ಮೇಲೆ ಧ್ವನಿ ಮ್ಯೂಟ್ ಮಾಡಿ ಮನೇಲಿ ಯಾರಿಗಾದ್ರೂ ತೋರ್ಸಿ. ಅವ್ರು ನಕ್ಕರೆ ಎರಡನೇದಕ್ಕೆ ಬೈಗುಳ ಸೇರ್ಸಿ, ನಗಲಿಲ್ಲ ಅಂದ್ರೆ ಪಾಪೆ ಟೇಪ್ ಬಿಚ್ಚಿ ಮತ್ತೆ ಸರ್ಸಿ.