ಗದಗ ಊರೋ, ಅಡ್ಡಹೆಸರೋ? ಬೇಸಿಕ್‌ನಲ್ಲಿ ಪದ ಹುಡುಕುವ ಬಗೆ

ಬ್ಯಾಡಗಿ ಮಾರ್ಕೆಟ್‌ನ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಅಲ್ಲಿದ್ದ ಹಳೇ ಕಂಪ್ಯೂಟರ್‌ನಲ್ಲಿ ಡಾಸ್ ಜೊತೆಗೇ ಬಂದ ಕ್ಯೂಬೇಸಿಕ್ ಇತ್ತು, ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋಕೆ. ಮೆಣಸಿನಕಾಯಿ ತಂದ ರೈತರಿಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು: ಹೆಸರು, ಊರು, ಮಾಲು, ಚೀಲ. ನಡುವೆ ಬರೀ ಅಲ್ಪವಿರಾಮ, ಖಾಲಿ ಜಾಗ ಇಲ್ಲ. ಎಲ್ಲವೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ.

ಒಂದಿನ ಸಾಹುಕಾರರು, "ಗದಗ ಕಡೆಯಿಂದ ಡಬ್ಬಿ ಮೆಣಸಿನಕಾಯಿ ಎಷ್ಟು ಚೀಲ ಬಂತು ನೋಡ್ರಿ" ಅಂದರು. ಅದಕ್ಕೆ ಬೇಕಾದದ್ದು ಸಾಲಿನೊಳಗೆ ಪದ ಹುಡುಕಿಕೊಡುವ ಐ-ಎನ್-ಎಸ್-ಟಿ-ಆರ್, ಅಂದರೆ ಇನ್‌ಸ್ಟ್ರ್:

ಪಿ = ಇನ್‌ಸ್ಟ್ರ್(ಎಸ್$, ಕೆ$)

ಎಸ್$ ಪೂರ್ತಿ ಸಾಲು, ಕೆ$ ಹುಡುಕುವ ಪದ. ಸಿಕ್ಕರೆ ಎಷ್ಟನೇ ಅಕ್ಷರದಿಂದ ಶುರು ಅನ್ನೋದು ಪಿ-ಯಲ್ಲಿ ಬರುತ್ತದೆ, ಸಿಗದಿದ್ದರೆ 0. ಎಣಿಕೆ 1ರಿಂದ. ಹಾಗಾಗಿ ಇಫ್ ಹಾಕುವಾಗ "0ಗಿಂತ ಜಾಸ್ತಿ ಇದೆಯಾ" ಅಂತ ಕೇಳಿ. ನಾನು ಮೊದಲು "1 ಇದೆಯಾ" ಅಂತ ಕೇಳಿ ಒಂದು ಮಧ್ಯಾಹ್ನ ಪೂರ್ತಿ ಕಳೆದುಕೊಂಡೆ. ದೊಡ್ಡಕ್ಷರ, ಚಿಕ್ಕಕ್ಷರ ಇದಕ್ಕೆ ಬೇರೆ ಬೇರೆ, ಅದಕ್ಕೆ ಎರಡನ್ನೂ ಮೊದಲು ಯುಕೇಸ್$ ಹಾಕಿ ದೊಡ್ಡಕ್ಷರ ಮಾಡಿಕೊಳ್ಳಿ. ಕೆ$ ಖಾಲಿ ಬಿಟ್ಟರೆ ಉತ್ತರ 1. ಸುಮ್ನೆ ಎಂಟರ್ ಒತ್ತಿದರೂ ಎಲ್ಲ ಸಾಲೂ ಸಿಕ್ಕಿತು ಅನ್ನುತ್ತದೆ!

ನಾನು ಸೋಮಾರಿತನಕ್ಕೆ ಬರೀ ಜಿ-ಎ-ಡಿ ಹೊಡೆದೆ. ಗಜೇಂದ್ರಗಡದವರೆಲ್ಲ ಬಂದು ಕೂತರು, ಅವರ ಊರಿನ 9ನೇ ಅಕ್ಷರದಿಂದ ಅದೇ ಮೂರು ಅಕ್ಷರ. ಪೂರ್ತಿ ಗದಗ ಅಂತ ಕೊಟ್ಟರೂ ಚೀಲ ಜಾಸ್ತಿಯೇ. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು ಅಲ್ವಾ? ಗದಗ ಅನ್ನೋ ಅಡ್ಡಹೆಸರಿನವರು ಹಾವೇರಿಯಲ್ಲೂ ಇದ್ದಾರೆ. ಸಾಹುಕಾರರು ಬೈದದ್ದು ಇಲ್ಲಿ ಬೇಡ.

ಪರಿಹಾರ ಬೇಲಿ. ಸಾಲಿನ ಎರಡೂ ತುದಿಗೆ ಅಲ್ಪವಿರಾಮ ಸೇರಿಸಿ, ಹುಡುಕುವ ಪದಕ್ಕೂ ಹಿಂದೆ ಮುಂದೆ ಸೇರಿಸಿ:

ಪಿ = ಇನ್‌ಸ್ಟ್ರ್("," + ಎಸ್$ + ",", "," + ಕೆ$ + ",")

ಅಡ್ಡಹೆಸರಿನ ಹಿಂದೆ ಇರೋದು ಖಾಲಿ ಜಾಗ, ಅಲ್ಪವಿರಾಮ ಅಲ್ಲ. ಹಾಗಾಗಿ ಅದು ಬೇಲಿ ಆಚೆಗೇ ಉಳಿಯುತ್ತದೆ.

ಒಂದೇ ಸಾಲಿನಲ್ಲಿ ಪದ ಎಷ್ಟು ಸಲ ಇದೆ ಅಂತ ಎಣಿಸಬೇಕಾದರೆ, ಪಿ-ಗೆ 0 ಕೊಟ್ಟು ಡೂ-ಲೂಪ್ ಒಳಗೆ ಹೀಗೆ ಬರೆಯಿರಿ:

ಪಿ = ಇನ್‌ಸ್ಟ್ರ್(ಪಿ + 1, ಎಸ್$, ಕೆ$)

ಪಿ ಮತ್ತೆ 0 ಆದಾಗ ಲೂಪ್ ನಿಲ್ಲಿಸಿ. ಆ +1 ಮರೆತರೆ, ಪಿ 0 ಇರುವ ಮೊದಲ ಸುತ್ತಿನಲ್ಲೇ ಕ್ಯೂಬೇಸಿಕ್ "ಇಲ್ಲೀಗಲ್ ಫಂಕ್ಷನ್ ಕಾಲ್" ಅಂತ ನಿಲ್ಲುತ್ತದೆ. ಪಿ-ಯನ್ನು 1ರಿಂದ ಶುರು ಮಾಡಿ +1 ಬಿಟ್ಟರೆ ಒಮ್ಮೆ ಸಿಕ್ಕಿದ ಜಾಗವೇ ಮತ್ತೆ ಮತ್ತೆ ಸಿಗುತ್ತದೆ. ಆಮೇಲೆ ಕಂಟ್ರೋಲ್-ಬ್ರೇಕ್ ಒತ್ತೋದೇ ಗತಿ.

ಈಗ ಮನೆಯಲ್ಲಿ ಕ್ಯೂಬೇಸಿಕ್‌ನ ಹೊಸ ರೂಪವಾದ ಕ್ಯೂಬಿ64 ಇದೆ, ಕಡತ ಕನ್ನಡದಲ್ಲೇ ಇದೆ. ಹುಡುಕಾಟ ಸರಿಯಾಗೇ ಆಗುತ್ತದೆ, ಆದರೆ ಎಣಿಕೆ ಅಕ್ಷರದ್ದಲ್ಲ, ಬೈಟ್‌ನದ್ದು. ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಗದಗ 9 ಬೈಟ್, ಅದರ ದ ಸಿಗೋದು 4ರಲ್ಲಿ. ಹುಬ್ಬಳ್ಳಿಯೂ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಒತ್ತು, ಕೊಂಬು, ಗುಡಿಸು ಸೇರಿ ಅದು 27 ಬೈಟ್. ಸಿಕ್ಕ ಪದವನ್ನು ಮಿಡ್$‌ನಿಂದ ಕತ್ತರಿಸುವಾಗ ಬೆರಳಲ್ಲಿ ಎಣಿಸಬೇಡಿ, ಉದ್ದಕ್ಕೆ ಲೆನ್(ಕೆ$) ಹಾಕಿ.