ಸಂಜೆಯ ಎರಡು ಗಂಟೆ ನನ್ನದು

ನನಗೀಗ 68, ಯಜಮಾನರಿಗೆ 75. ನಾಲ್ಕು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯಿತು. ಮಾತೂ ತೊದಲು. ಮಗಳು ಪುಣೆಯಲ್ಲಿ. ಮೈಸೂರಿನ ಮನೆಯಲ್ಲಿ ನಾವಿಬ್ಬರೇ.

ಮೊದಲ ವರ್ಷ ಎಲ್ಲಾ ಒಬ್ಬಳೇ ಮಾಡಿದೆ. ಬೆನ್ನಲ್ಲಿ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಅವರ ಮಾತ್ರೆ ಒಂದು ಹೊತ್ತೂ ತಪ್ಪಲಿಲ್ಲ. ನನ್ನ ಬಿಪಿ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತಿತ್ತು. ಒಂದು ದಿನ ಅವರ ತೋಳು ಹಿಡಿದು ಮೇಲೆಳೆಯುವಾಗ ನನ್ನ ಸೊಂಟ ಹಿಡಿದುಕೊಂಡಿತು. ಇಪ್ಪತ್ತು ನಿಮಿಷ ನೆಲದ ಮೇಲೆ ನಾನು, ಮಂಚದ ಮೇಲೆ ಅವರು. ಇಬ್ಬರಿಗೂ ಏಳಲಾಗಲಿಲ್ಲ. ಅವರ ಕಣ್ಣಲ್ಲಿ ನೀರು.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ, "ಅಮ್ಮಾ, ತೋಳು ಎಳೀಬೇಡಿ, ಅವರ ಭುಜ ಜಾರುತ್ತೆ" ಎಂದಳು. ಹಳೇ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವರ ಮೈ ಕೆಳಗೆ ಭುಜದಿಂದ ತೊಡೆಯವರೆಗೆ ಹಾಸಿದೆವು. ಮೊದಲು ಅವರ ಮಂಡಿ ಮಡಚಿ ನಿಲ್ಲಿಸುತ್ತೇನೆ. ಆಮೇಲೆ ಆಚೆ ಬದಿಯ ಅಂಚನ್ನು ನನ್ನ ಕಡೆಗೆ ಎಳೆಯುತ್ತೇನೆ. ಮೈ ಸಲೀಸಾಗಿ ಹೊರಳುತ್ತದೆ.

ಅದಕ್ಕಿಂತ ಕಷ್ಟವಾಗಿದ್ದು ಮನೆಯಿಂದ ಹೊರಗೆ ಕಾಲಿಡುವುದು. ಒಂದು ರಾತ್ರಿ ಅಳು ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. "ದಿನಕ್ಕೆ ಎಷ್ಟು ಹೊತ್ತು ನಿಮಗೋಸ್ಕರ ಇಟ್ಟಿದ್ದೀರಿ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಮಾರನೇ ವಾರ ಬೀದಿಯ ಕೊನೆಯ ಮನೆಯ ಹೆಂಗಸನ್ನು ಸಂಬಳ ಕೊಟ್ಟು ಗೊತ್ತು ಮಾಡಿದೆ. ನಾಲ್ಕೂವರೆಯಿಂದ ಆರೂವರೆ ಅವಳದ್ದು. ಮೊದಲ ಮೂರು ದಿನ ಗೇಟಿನವರೆಗೆ ಹೋಗಿ ವಾಪಸ್ ಬಂದೆ. "ಗಂಡನ್ನ ಬಿಟ್ಟು ವಾಕಿಂಗಾ?" ಅಂದವರೂ ಇದ್ದಾರೆ. ನೋವಾಯಿತು. ಆದರೆ ನಾನು ಬಿದ್ದರೆ ಅವರನ್ನು ನೋಡುವವರು ಯಾರು, ಅಲ್ವಾ?

ಈಗ ಹೆಜ್ಜಾರ್ಲೆ ಹಕ್ಕಿಗಳು ಬರುವ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ನನ್ನ ಮಾತ್ರೆ ಅವರ ಡಬ್ಬಿಯ ಪಕ್ಕದಲ್ಲೇ ಇದೆ, ಒಟ್ಟಿಗೇ ನುಂಗುತ್ತೇವೆ. ಮೊದಲು ನಮ್ಮ ಮಾತೆಲ್ಲ ಔಷಧಿ, ಗಂಜಿ, ಮೂತ್ರದ್ದೇ ಆಗಿತ್ತು. ಈಗ ನಾನು ಚಪ್ಪಲಿ ಬಿಡುವಷ್ಟರಲ್ಲೇ ಅವರು ಬಾಗಿಲ ಕಡೆ ತಿರುಗಿರುತ್ತಾರೆ. ತಡವರಿಸಿ, ಎರಡು ಸಲ ಬಾಯಿ ತೆರೆದು, ಕೇಳುತ್ತಾರೆ: "ಹೆಜ್ಜಾ... ಹೆಜ್ಜಾರ್ಲೆ ಎಷ್ಟು ಬಂದಿತ್ತು?"